ಕಪ್ಪು ಪಟ್ಟಿ ಇರಲಿ, ಝೂಮ್ ಬಟನ್ ಬಿಡಿ

ಅಡಿಕೆ ದುಡ್ಡು ಕೈಗೆ ಬಂದ ಮೇಲೆ ಶಿರಸಿ ಪೇಟೆಯಿಂದ ಹೊಸ ಟಿವಿ ಮನೆಗೆ ಬರುತ್ತದೆ. ಮೊದಲ ಸಿನಿಮಾ ಹಾಕಿದ ಕೂಡಲೇ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: ‘ಇಷ್ಟು ದುಡ್ಡು ಕೊಟ್ಟದ್ದು, ಮೇಲೆ ಕೆಳಗೆ ಕಪ್ಪು ಯಾಕೆ?’ ಹುಡುಗರು ರಿಮೋಟ್ ತೆಗೆದುಕೊಂಡು ಝೂಮ್ ಒತ್ತುತ್ತಾರೆ. ಪರದೆ ತುಂಬುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ಅಂದಿನಿಂದ ಆ ಮನೆಯಲ್ಲಿ ನೋಡುವ ‘ಸ್ಕೋಪ್’, ಅಂದರೆ ಅಗಲ ಚೌಕಟ್ಟಿನ ಸಿನಿಮಾಗಳಲ್ಲೆಲ್ಲ ಕಾಲು ಭಾಗ ಚಿತ್ರ ಕಾಣುವುದೇ ಇಲ್ಲ. ಕುಮಟೆಯಲ್ಲಾಗಲಿ, ಕಾರವಾರದಲ್ಲಾಗಲಿ, ನೆಂಟರ ಮನೆಗೆ ಹೋದಾಗೆಲ್ಲ ಇದನ್ನೇ ನೋಡುತ್ತೇನೆ. ಅದಕ್ಕೇ ಈ ಲೇಖನ.

1. ಪಟ್ಟಿ ಎಲ್ಲಿದೆ ನೋಡಿ

ಚಿತ್ರದ ಅಗಲ ಎತ್ತರದ ಎಷ್ಟು ಪಟ್ಟು ಅನ್ನುವುದೇ ಆಸ್ಪೆಕ್ಟ್ ರೇಶಿಯೋ. ಈಗಿನ ಟಿವಿಗಳೆಲ್ಲ 16:9, ಅಂದರೆ ಅಗಲ ಎತ್ತರದ 1.78 ಪಟ್ಟು. ಈಗಿನ ಹೆಚ್ಚಿನ ದೊಡ್ಡ ಸಿನಿಮಾಗಳು 2.39:1. ಟಾಕೀಸಿನವರ ಬಾಯಲ್ಲಿ ಇದೇ ‘ಸ್ಕೋಪ್’. ಟಿವಿಗಿಂತ ಸಿನಿಮಾ ಅಗಲ, ಹಾಗಾಗಿ ಅಗಲಕ್ಕೆ ಹೊಂದಿಸಿದರೆ ಮೇಲೆ ಕೆಳಗೆ ಜಾಗ ಉಳಿಯುತ್ತದೆ. 43 ಇಂಚಿನ ಟಿವಿಗೆ ಟೇಪು ಹಿಡಿದು ನೋಡಿ. ಪರದೆಯ ಅಗಲ ಸುಮಾರು 37.5 ಇಂಚು, ಎತ್ತರ 21 ಇಂಚು. ಸ್ಕೋಪ್ ಚಿತ್ರ ಅದರಲ್ಲಿ 15.7 ಇಂಚು ಎತ್ತರ ಕೂರುತ್ತದೆ. ಮೇಲೊಂದು ಕೆಳಗೊಂದು ಎರಡೂವರೆ ಇಂಚಿಗಿಂತ ಸ್ವಲ್ಪ ಜಾಸ್ತಿ ದಪ್ಪದ ಪಟ್ಟಿ. ನಿಮ್ಮ ಟಿವಿಯಲ್ಲೂ ಲೆಕ್ಕ ಇಷ್ಟೇ ಬಂದರೆ ಏನೂ ಕೆಟ್ಟಿಲ್ಲ, ಸುಮ್ನೆ ಸಿನಿಮಾ ನೋಡಿ.

ಪಟ್ಟಿ ಎಡ ಬಲದಲ್ಲಿದ್ದರೆ ಸಿನಿಮಾ ಟಿವಿಗಿಂತ ಸಪೂರ ಎಂದರ್ಥ. ಕಪ್ಪು-ಬಿಳುಪು ಕಾಲದ ಚಿತ್ರಗಳು ಹೆಚ್ಚಾಗಿ 1.37:1, ಹಳೆ ದೂರದರ್ಶನದ ಕಾರ್ಯಕ್ರಮಗಳು 4:3. ಅಮೆರಿಕದಲ್ಲಿ ಜನ ಟಿವಿ ನೋಡುತ್ತ ಮನೆಯಲ್ಲೇ ಕೂರತೊಡಗಿದಾಗ, ಅವರನ್ನು ಮತ್ತೆ ಟಾಕೀಸಿಗೆ ಎಳೆಯಲು 1953ರಲ್ಲಿ ಸಿನೆಮಾಸ್ಕೋಪ್ ಬಂತು. ಕನ್ನಡಕ್ಕೆ ಅದು ಬಂದದ್ದು 1977ರಲ್ಲಿ, ‘ಸೊಸೆ ತಂದ ಸೌಭಾಗ್ಯ’ದ ಜೊತೆ. ಟಿವಿಯಲ್ಲಿ ಸಿಗದಷ್ಟು ಅಗಲ ಇರಲಿ ಅಂತಲೇ ಮಾಡಿದ ಆಕಾರ ಅದು. ಟಿವಿಯಲ್ಲಿ ಪೂರ್ತಿ ತುಂಬಬೇಕು ಅಂದರೆ ಎಲ್ಲಿಂದ ತುಂಬೀತು?

ಇನ್ನು ನಾಲ್ಕೂ ಕಡೆ ಕಪ್ಪು ಇದ್ದರೆ? ಅದು ಬೇರೆ ವಿಷಯ, ಮೂರನೇ ಹಂತದಲ್ಲಿ ಬರುತ್ತದೆ.

2. ದುಂಡಗಿನ ವಸ್ತು ಹುಡುಕಿ

ಬಸ್ಸಿನ ಚಕ್ರ, ಊಟದ ತಟ್ಟೆ, ಹಣೆಯ ಕುಂಕುಮ, ಯಾವುದಾದರೂ ಸೈ. ನೇರವಾಗಿ ಕಾಣುವಾಗ ದುಂಡಗಿದ್ದರೆ ಸರಿ. ಮೊಟ್ಟೆಯಾಗಿದ್ದರೆ ಟಿವಿಯೋ ಬಾಕ್ಸೋ ಚಿತ್ರವನ್ನು ಎಳೆದಿದೆ.

3. ಇದು ಯಾರ ಕೆಲಸ ಅಂತ ಪತ್ತೆ ಮಾಡಿ

ಎಲ್ಲರೂ ಎಡವುವುದು ಇಲ್ಲೇ. ಪಟ್ಟಿ ಸಿನಿಮಾದ್ದಾಗಿರಬಹುದು, ಚಾನೆಲ್ಲಿನವರು ಹಾಕಿದ್ದಾಗಿರಬಹುದು, ಸೆಟ್‌ಟಾಪ್ ಬಾಕ್ಸಿನದ್ದೋ ಟಿವಿಯದ್ದೋ ಆಗಿರಬಹುದು. ಜನ ಏನು ಮಾಡುತ್ತಾರೆ ಅಂದರೆ, ಬಾಕ್ಸಿನ ತಪ್ಪನ್ನು ಟಿವಿಯಲ್ಲಿ ಸರಿ ಮಾಡಲು ಹೋಗುತ್ತಾರೆ. ಆ ಚಾನೆಲ್ ಸರಿ ಕಾಣುತ್ತದೆ, ಉಳಿದದ್ದೆಲ್ಲ ಹಾಳಾಗುತ್ತದೆ. ಆಮೇಲೆ ಬಾಕ್ಸನ್ನೂ ತಿರುವುತ್ತಾರೆ. ಎರಡು ತಪ್ಪು ಸೇರಿ ಮೂರನೆಯದು ಹುಟ್ಟುತ್ತದೆ.

ಪತ್ತೆ ಮಾಡುವ ಕ್ರಮ ಹೀಗೆ. ಕಪ್ಪು ಪಟ್ಟಿ ಕಾಣುತ್ತಿರುವಾಗಲೇ ಬಾಕ್ಸಿನ ರಿಮೋಟಿನಲ್ಲಿ ಮೆನು ಅಥವಾ ಇನ್ಫೋ ಒತ್ತಿ. ಚಾನೆಲ್ಲಿನ ಹೆಸರು, ಕಾರ್ಯಕ್ರಮದ ಹೆಸರು ಇರುವ ಪಟ್ಟಿ ಬರುತ್ತದಲ್ಲ, ಅದು ಎಲ್ಲಿಯವರೆಗೆ ಹರಡಿದೆ ನೋಡಿ. ಅದೂ ಚಿತ್ರದ ಜೊತೆಗೇ ಕಿರಿದಾಗಿ ಕೂತಿದ್ದು, ಟಿವಿ ರಿಮೋಟಿನಿಂದ ವಾಲ್ಯೂಮ್ ಒತ್ತಿದಾಗ ಬರುವ ಗೆರೆ ಮಾತ್ರ ಕಪ್ಪಿನ ಮೇಲೂ ಬಂದರೆ, ಟಿವಿಯ ಸೆಟ್ಟಿಂಗ್ ತಪ್ಪಿದೆ. ಬಾಕ್ಸಿನ ಮೆನು ಕಪ್ಪಿನ ಮೇಲೂ ಪೂರ್ತಿ ಹರಡಿದರೆ ಟಿವಿ ನಿರ್ದೋಷಿ. ಆಗ ಚಾನೆಲ್ ಬದಲಿಸಿ. ಯಾವುದಾದರೂ ಎಚ್‌ಡಿ ವಾರ್ತಾ ಚಾನೆಲ್ ಹಾಕಿ. ಅಲ್ಲಿಯೂ ಪಟ್ಟಿ ಇದ್ದರೆ ಬಾಕ್ಸಿನ ಕೆಲಸ. ಅಲ್ಲಿ ಇಲ್ಲ, ಆ ಸಿನಿಮಾದಲ್ಲಿ ಮಾತ್ರ ಇದೆ ಅಂದರೆ ಸಿನಿಮಾದ್ದು, ಇಲ್ಲವೇ ಚಾನೆಲ್ಲಿನವರದ್ದು.

ಬಾಕ್ಸಿನದ್ದಾದರೆ ಅದರ ಸೆಟ್ಟಿಂಗ್ಸ್ ಒಳಗೆ ಟಿವಿ ಆಕಾರ ಕೇಳುವ ಜಾಗ ಇರುತ್ತದೆ. ಅಲ್ಲಿ ಎಷ್ಟೋ ಮನೆಗಳಲ್ಲಿ ಇನ್ನೂ 4:3 ಅಂತಲೇ ಇದೆ. ಹಳೆ ಡಬ್ಬಾ ಟಿವಿ ಹೋಗಿ ಹೊಸದು ಬಂದರೂ ಬಾಕ್ಸಿಗೆ ಅದನ್ನು ಯಾರೂ ಹೇಳಿರುವುದಿಲ್ಲ! 16:9 ಮಾಡಿ. ರೆಸಲ್ಯೂಶನ್ನನ್ನು (ಚಿತ್ರದ ಚುಕ್ಕೆಗಳ ಲೆಕ್ಕ) 1080ಕ್ಕೆ ಇಡಿ. ಬಾಕ್ಸನ್ನು ರೀಸೆಟ್ ಮಾಡಿದರೆ ಇದು ಹಳೆಯದಕ್ಕೇ ವಾಪಸ್ ಹೋಗಬಹುದು. ಮಳೆಗಾಲದಲ್ಲಿ ಸಿಗ್ನಲ್ ಹೋಯಿತು ಅಂತ ನಮ್ಮ ಕಡೆ ಸಿಟ್ಟಿನಿಂದ ರೀಸೆಟ್ ಒತ್ತುವವರು ಬಹಳ. ಡಿಶ್ಶಿಗೆ ಬರುವ ಸಿಗ್ನಲ್ ಜೋರು ಮಳೆಯಲ್ಲಿ ಕುಗ್ಗುತ್ತದೆ, ಮಳೆ ಕಡಿಮೆಯಾದರೆ ತಾನಾಗಿ ಬರುತ್ತದೆ. ರೀಸೆಟ್ ಬೇಡ.

ಇನ್ನೊಂದು. ಎಚ್‌ಡಿ ಬಾಕ್ಸಿಗೂ ಕೆಂಪು-ಹಳದಿ-ಬಿಳಿ ಮೂರು ಪಿನ್ನಿನ ವಯರನ್ನೇ ಚುಚ್ಚಿರುವ ಮನೆಗಳಿವೆ. ಆ ವಯರಿನಲ್ಲಿ ಎಚ್‌ಡಿ ಬರುವುದೇ ಇಲ್ಲ, ಆಕಾರವೂ ಗಲಿಬಿಲಿಯಾಗುತ್ತದೆ. ಒಂದು ಸಾಧಾರಣ ಎಚ್‌ಡಿಎಂಐ ವಯರು ತನ್ನಿ. ಚಿನ್ನದ ಲೇಪನ ಅಂತ ದುಬಾರಿ ವಯರು ತೋರಿಸುತ್ತಾರೆ, ಮನೆಯ ಒಂದೆರಡು ಮೀಟರ್ ದೂರಕ್ಕೆ ಅದರ ಅಗತ್ಯ ಇಲ್ಲ.

ಈಗ ನಾಲ್ಕೂ ಕಡೆಯ ಕಪ್ಪು. ಸ್ಕೋಪ್ ಸಿನಿಮಾವನ್ನು ಚಾನೆಲ್ಲಿನವರು 4:3 ಚೌಕಟ್ಟಿನೊಳಗೆ ಕೂರಿಸಿದ್ದಾರೆ, ಆ ಚೌಕಟ್ಟು ನಿಮ್ಮ 16:9 ಟಿವಿಯ ನಡುವೆ ಕೂತಿದೆ. ಹಾಗಾಗಿ ಎರಡೆರಡು ಜೋಡಿ ಪಟ್ಟಿ. ಬಾಕ್ಸ್ ಸರಿ ಇದೆ ಅಂತ ಖಾತ್ರಿಯಾದ ಮೇಲೆ ಇಲ್ಲಿ ಧಾರಾಳವಾಗಿ ಝೂಮ್ ಒತ್ತಿ. ಕತ್ತರಿಸಿ ಹೋಗುವುದು ಬರೀ ಕಪ್ಪು, ಚಿತ್ರ ಪೂರ್ತಿ ಉಳಿಯುತ್ತದೆ. ಕಪ್ಪಿನ ಮೇಲೆ ಸಬ್‌ಟೈಟಲ್ ಇದ್ದರೆ ಮಾತ್ರ ಅದು ಹೋಗಬಹುದು. ನನ್ನ ನಿಯಮ ಇಷ್ಟೇ: ನಾಲ್ಕು ಕಡೆ ಕಪ್ಪಿದ್ದರೆ ಝೂಮ್, ಎರಡು ಕಡೆ ಇದ್ದರೆ ಕೈ ಹಾಕಬೇಡಿ.

ಯಾಕೆ ಬೇಡ ಅಂತ ಕೇಳುವವರು ಒಂದು ಮಾತುಕತೆಯ ದೃಶ್ಯ ಹಾಕಿ ನೋಡಿ. ಸ್ಕೋಪಿನಲ್ಲಿ ಇಬ್ಬರನ್ನು ಚೌಕಟ್ಟಿನ ಎರಡು ತುದಿಗೆ ನಿಲ್ಲಿಸಿ, ನಡುವೆ ಕಡಲೋ ಖಾಲಿ ಅಂಗಳವೋ ಕಾಣುವಂತೆ ತೆಗೆಯುತ್ತಾರೆ. ಝೂಮ್ ಮಾಡಿದರೆ ಈ ಕಡೆಯಿಂದ ಒಂದು ಮೂಗು, ಆ ಕಡೆಯಿಂದ ಒಂದು ಮೂಗು, ನಡುವೆ ನೀರು. ಮಾತಾಡುವವರು ಯಾರು ಅಂತ ದನಿ ಕೇಳಿ ಊಹಿಸಬೇಕು.

4. ಟಿವಿಯನ್ನು ಒಮ್ಮೆ ಸರಿ ಮಾಡಿ, ಆಮೇಲೆ ಮುಟ್ಟಬೇಡಿ

ಪಿಕ್ಚರ್ ಸೈಜ್, ಆಸ್ಪೆಕ್ಟ್ ರೇಶಿಯೋ ಅಥವಾ ವೈಡ್ ಮೋಡ್ ಅಂತ ಒಂದು ಮೆನು ಇರುತ್ತದೆ. ಅದರಲ್ಲಿ 16:9 ಅಥವಾ ಒರಿಜಿನಲ್. ಜೊತೆಗೆ ಜಸ್ಟ್ ಸ್ಕ್ಯಾನ್, ಫಿಟ್ ಟು ಸ್ಕ್ರೀನ್ ಅಥವಾ ಫುಲ್ ಪಿಕ್ಸೆಲ್ ಅನ್ನುವುದು ಇದ್ದರೆ ಅದನ್ನು ಆನ್ ಮಾಡಿ. ಇಲ್ಲದಿದ್ದರೆ ಕೆಲವು ಟಿವಿಗಳು ಚಿತ್ರದ ಅಂಚನ್ನು ಸುತ್ತಲೂ ಸ್ವಲ್ಪ ನುಂಗುತ್ತವೆ. ವಾರ್ತೆಯ ಕೆಳಗೆ ಓಡುವ ಸಾಲಿನ ಅಡಿಭಾಗ ಕತ್ತರಿಸಿದಂತೆ ಕಂಡರೆ ಇದೇ ಕಾರಣ. ಹೆಚ್ಚಿನ ಟಿವಿಗಳು ಈ ಸೆಟ್ಟಿಂಗನ್ನು ಎಚ್‌ಡಿಎಂಐ 1, ಎಚ್‌ಡಿಎಂಐ 2, ಪೆನ್‌ಡ್ರೈವ್ ಅಂತ ಬೇರೆ ಬೇರೆ ಇಟ್ಟುಕೊಳ್ಳುತ್ತವೆ. ಹಾಗಾಗಿ ಒಂದೊಂದರಲ್ಲೂ ನೋಡಿ. ನಡುವಿನದ್ದು ಸರಿ ಇಟ್ಟು ಬದಿಯದ್ದನ್ನು ಮಾತ್ರ ಎಳೆಯುವ ಮೋಡ್ ಏನಾದರೂ ಇದ್ದರೆ, ಹುಚ್ಚಾಟ ಅದು. ಆಫ್ ಮಾಡಿ.

ಹಳೆ ಯಕ್ಷಗಾನದ ಸಿಡಿಗಳಿಗೆ ಈ ಕಾಟ ಜಾಸ್ತಿ. ಅವೆಲ್ಲ 4:3. ಟಿವಿ ಎಳೆದರೆ ವೇಷ ಮೂರನೇ ಒಂದು ಭಾಗ ಅಗಲವಾಗುತ್ತದೆ. ಬಡಗಿನ, ಅಂದರೆ ಉತ್ತರದ ಶೈಲಿಯ ಯಕ್ಷಗಾನದ, ‘ಕೇದಗೆ ಮುಂದಲೆ’ ಅನ್ನುವ ತಲೆಯ ಕಟ್ಟಿನ ಚೆಂದ ಇರುವುದೇ ಅದರ ಎತ್ತರದಲ್ಲಿ, ಅದು ಚಪ್ಪಟೆಯಾಗಿ ಕೂರುತ್ತದೆ. ಝೂಮ್ ಮಾಡಿದರೆ ಮುಂದಲೆಯ ತುದಿಯೂ ಇಲ್ಲ, ಗೆಜ್ಜೆಯೂ ಇಲ್ಲ. ಹೆಜ್ಜೆ ಕಾಣದ ಯಕ್ಷಗಾನ ನೋಡುವುದಕ್ಕಿಂತ ರೇಡಿಯೋದಲ್ಲಿ ಕೇಳುವುದೇ ವಾಸಿ. ಎಡ ಬಲದ ಕಪ್ಪನ್ನು ಸಹಿಸಿಕೊಳ್ಳಿ.

ಹಳೆ ಮದುವೆ ಕ್ಯಾಸೆಟ್ಟನ್ನು ಪೆನ್‌ಡ್ರೈವಿಗೆ ಹಾಕಿಸುವಾಗ ‘4:3ರಲ್ಲೇ ಇರಲಿ, ಎಳೆಯಬೇಡಿ’ ಅಂತ ಮೊದಲೇ ಹೇಳಿ. ಫುಲ್ ಸ್ಕ್ರೀನ್ ಮಾಡಿ ಕೊಡುತ್ತೇವೆ ಅನ್ನುವ ಅಂಗಡಿಯವರಿಂದ ದೂರ ಇರಿ. ಟಿವಿಯಲ್ಲಿ ಎಳೆದದ್ದನ್ನು ಒಂದು ಬಟನ್ನಿನಲ್ಲಿ ಸರಿ ಮಾಡಬಹುದು. ಫೈಲಿನಲ್ಲೇ ಝೂಮ್ ಮಾಡಿ ಕತ್ತರಿಸಿ ಕೊಟ್ಟರೆ, ಕ್ಯಾಸೆಟ್ ಎಸೆದ ಮೇಲೆ ಅಜ್ಜಿಯ ತಲೆ ಮತ್ತೆ ಸಿಗುವುದಿಲ್ಲ.

5. ಫೋನು, ಪ್ರೊಜೆಕ್ಟರು

ಈಗಿನ ಬಹಳಷ್ಟು ಫೋನುಗಳು 20:9, ಅಂದರೆ 2.22:1. ಟಿವಿಗಿಂತ ಅಗಲ, ಸ್ಕೋಪಿಗಿಂತ ಸ್ವಲ್ಪ ಸಪೂರ. ಯೂಟ್ಯೂಬಿನ ಎಷ್ಟೋ ಸಿನಿಮಾಗಳಲ್ಲಿ ಮೇಲಿನ ಕೆಳಗಿನ ಕಪ್ಪು ಪಟ್ಟಿಯನ್ನು ವಿಡಿಯೋದೊಳಗೇ ಸೇರಿಸಿ ಹಾಕಿರುತ್ತಾರೆ. ಫೋನಿನಲ್ಲಿ ಅದಕ್ಕೆ ಎಡ ಬಲದ ಕಪ್ಪೂ ಸೇರಿ ನಾಲ್ಕು ಕಡೆ ಆಗುತ್ತದೆ. ಮೇಲಿನ ನಿಯಮವೇ ಇಲ್ಲೂ: ಎರಡು ಬೆರಳಿನಿಂದ ಹಿಗ್ಗಿಸಿ, ಹೋಗುವುದು ಕಪ್ಪು ಮಾತ್ರ. ಆದರೆ ಸಾಧಾರಣ 16:9 ವಿಡಿಯೋವನ್ನು ಹಾಗೆ ಹಿಗ್ಗಿಸಿದರೆ ಎತ್ತರದಲ್ಲಿ ಐದನೇ ಒಂದು ಭಾಗ ಹೋಗುತ್ತದೆ.

ಜಗಲಿ ಗೋಡೆಗೆ ಪ್ರೊಜೆಕ್ಟರ್ ಬಿಡುವವರು ಅದನ್ನು ಗೋಡೆಗೆ ನೇರ ಇಡಿ. ಓರೆಯಾಗಿಟ್ಟು ಕೀಸ್ಟೋನ್ ಬಟನ್ನಿನಿಂದ ಸರಿ ಮಾಡಿದರೆ ಚಿತ್ರದ ಚುರುಕು ಹೋಗುತ್ತದೆ. ಕೊಳ್ಳುವಾಗ ಡಬ್ಬದ ಮೇಲೆ ‘1080 ಸಪೋರ್ಟೆಡ್’ ಅಂತ ಇದ್ದರೆ ಮರುಳಾಗಬೇಡಿ, ‘ನೇಟಿವ್’, ಅಂದರೆ ಪ್ರೊಜೆಕ್ಟರ್ ತಾನೇ ನಿಜವಾಗಿ ತೋರಿಸುವ ರೆಸಲ್ಯೂಶನ್, ಎಷ್ಟು ಅಂತ ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಆ ಪ್ರೊಜೆಕ್ಟರ್ ಬೇಡ.