ಅರ್ಧಕ್ಕೆ ನಿಲ್ಲಿಸುವುದನ್ನು ಕಲಿತ ಮೇಲೆ

ನಾನು ಕೌದಿ ಹೊಲಿಯಲು ಆರಂಭಿಸಿದಾಗ ಮಗಳಿಗೆ ನಾಲ್ಕು ವರ್ಷ; ಮಗ ಇನ್ನೂ ಹುಟ್ಟಿರಲಿಲ್ಲ. ಈಗ ಅವಳಿಗೆ ಹನ್ನೊಂದು, ಅವನಿಗೆ ಆರು. ಈ ಏಳು ವರ್ಷಗಳಲ್ಲಿ ನಾನು ಪೂರ್ತಿ ಮುಗಿಸಿದ ಕೌದಿಗಳು ಐದು, ಆ ಐದೂ ಕಡೆಯ ನಾಲ್ಕು ವರ್ಷಗಳಲ್ಲಿ ಮುಗಿದವು. ಮೊದಲ ಮೂರು ವರ್ಷ ನಾನು ಮಾಡಿದ್ದೆಂದರೆ ಬಟ್ಟೆ ಕೂಡಿಹಾಕುವುದು ಮತ್ತು ಬಿಡುವಿಗಾಗಿ ಕಾಯುವುದು. ಅಪರೂಪಕ್ಕೆ ಇಡೀ ಮಧ್ಯಾಹ್ನ ಕೈಗೆ ಸಿಕ್ಕಿದರೂ, ಹಿಂದಿನ ಸಲ ಎಲ್ಲಿಗೆ ಬಿಟ್ಟಿದ್ದೆ, ಈ ರಾಶಿಯ ಚೌಕಗಳು ಯಾವ ಸಾಲಿನವು, ಬಾಬಿನ್‌ನಲ್ಲಿರುವ ದಾರ ಇದಕ್ಕೆ ಸುತ್ತಿದ್ದೋ ಬೇರೆಯದಕ್ಕೋ ಎಂದು ನೆನಪಿಸಿಕೊಳ್ಳುವುದರಲ್ಲಿಯೇ ಮೊದಲ ಒಂದು ಗಂಟೆ ಕಳೆದುಹೋಗುತ್ತಿತ್ತು. ಯಂತ್ರದ ಮುಂದೆ ಕುಳಿತು ಕೈ ಕುದುರುವ ಹೊತ್ತಿಗೆ ಮಗಳನ್ನು ಈಜು ತರಗತಿಗೆ ಕರೆದೊಯ್ಯುವ ಸಮಯವಾಗಿರುತ್ತಿತ್ತು.

ಸಮಯ ಸಾಲದೆಂದು ಬಹಳ ಕಾಲ ಗೊಣಗಿದ ಮೇಲೆ, ಕೆಲಸವನ್ನು ಅರ್ಧಕ್ಕೆ ನಿಲ್ಲಿಸುವ ಬಗೆಯೇ ನನಗೆ ತಿಳಿದಿಲ್ಲವೆಂಬುದು ಹೊಳೆಯಿತು. ಯಾರೋ ಕರೆದ ಕೂಡಲೇ ಕೈಯಲ್ಲಿದ್ದುದನ್ನು ಹಾಗೆಯೇ ಬಿಟ್ಟು ಎದ್ದು ಹೋಗುತ್ತಿದ್ದೆ. ಹದಿನೈದು ದಿನ ಕಳೆದು ಹಿಂತಿರುಗಿದಾಗ ಅದು ಬೇರೊಬ್ಬರ ಕೆಲಸದಂತೆ ಕಾಣುತ್ತಿತ್ತು. ಈಗ ಎಷ್ಟೇ ಹೊತ್ತು ಸಿಗಲಿ, ಅದರ ಕೊನೆಯ ಐದು ನಿಮಿಷವನ್ನು ಹೊಲಿಗೆಗೆ ಬಳಸುವುದಿಲ್ಲ. ಆ ಹೊತ್ತಿನಲ್ಲಿ ಮುಂದಿನ ಸಲ ಮೊದಲು ಕೈಗೆತ್ತಿಕೊಳ್ಳಬೇಕಾದ ಎರಡು ತುಂಡುಗಳನ್ನು ಜೋಡಿಸಿ ಪಿನ್ ಚುಚ್ಚಿ ಮೇಲೆ ಇಡುತ್ತೇನೆ, ಬಾಬಿನ್ ಖಾಲಿಯಾಗುತ್ತ ಬಂದಿದ್ದರೆ ಸುತ್ತಿಡುತ್ತೇನೆ, ಮತ್ತು ಒಂದು ಚೀಟಿ ಬರೆದು ಕೌದಿಯ ತುಂಡುಗಳ ಪೆಟ್ಟಿಗೆಯೊಳಗೆ ಹಾಕುತ್ತೇನೆ. ‘ಮೂರನೇ ಸಾಲು, ಎಡದಿಂದ ಐದನೇ ಬ್ಲಾಕ್. ಇಸ್ತ್ರಿ ಕಡುಬಣ್ಣದ ಕಡೆಗೆ’ ಎಂಬಷ್ಟು ಬರೆದರೆ ಸಾಕು. ಬ್ಲಾಕ್ ಎಂದರೆ ಚಿಕ್ಕ ತುಂಡುಗಳನ್ನು ಜೋಡಿಸಿ ಹೊಲಿದ ಒಂದು ಚೌಕ; ಹೊಲಿಗೆಯ ಅಂಚನ್ನು ಯಾವ ಬಣ್ಣದ ಬಟ್ಟೆಯ ಕಡೆಗೆ ಮಡಚಿ ಇಸ್ತ್ರಿ ಹಾಕಬೇಕೆಂಬುದು ಉಳಿದ ಮಾತು. ಒಮ್ಮೆ ನಾನು ಜ್ವರದಲ್ಲಿ ಮಲಗಿದ್ದಾಗ ನನ್ನ ಪತಿ ಆ ಚೀಟಿ ನೋಡಿ ಒಂದು ಸಾಲಿಗೆ ತಾವೇ ಇಸ್ತ್ರಿ ಹಾಕಿಟ್ಟಿದ್ದರು, ಅದೂ ಸರಿಯಾದ ದಿಕ್ಕಿಗೆ. ಹೊಲಿಗೆಯ ಗಂಧಗಾಳಿ ಇಲ್ಲದವರಿಗೂ ಅರ್ಥವಾಗುವಂತೆ ಬರೆದರೆ, ನಿದ್ದೆಗೆಟ್ಟ ನನಗೂ ಅರ್ಥವಾಗುತ್ತದೆ ಎಂಬುದು ಅಂದಿನಿಂದ ನನ್ನ ಅಳತೆಗೋಲು.

ಕೌದಿಯ ಕೆಲಸಗಳೆಲ್ಲವೂ ಒಂದೇ ಬಗೆಯ ಗಮನವನ್ನು ಕೇಳುವುದಿಲ್ಲ. ಅಳೆದು ಕತ್ತರಿಸುವುದಕ್ಕೆ ಎಚ್ಚರವಾದ ತಲೆ ಬೇಕು, ಸುತ್ತ ಮಕ್ಕಳಿರಬಾರದು. ಚೌಕಗಳನ್ನು ಯಂತ್ರದಲ್ಲಿ ಜೋಡಿಸುವಾಗ ಪಕ್ಕದ ಕೋಣೆಯ ಜಗಳವನ್ನು ಕೇಳಿಸಿಕೊಳ್ಳುತ್ತಲೇ ಹೊಲಿಯಬಹುದು. ಕೈಹೊಲಿಗೆಯಂತೂ ಚೀಲದಲ್ಲಿ ನಮ್ಮ ಜೊತೆಗೆ ಎಲ್ಲಿಗೆ ಬೇಕಾದರೂ ಬರುತ್ತದೆ. ಮೂರು ಪದರಗಳನ್ನು ಹಾಸುವುದಕ್ಕೆ ಮಾತ್ರ ನೆಲವೂ ಬೇಕು, ಇನ್ನೊಂದು ಜೊತೆ ಕೈಗಳೂ ಬೇಕು. ಈ ವ್ಯತ್ಯಾಸವನ್ನು ಗಮನಿಸದೆ, ಸಿಕ್ಕ ಹೊತ್ತಿನಲ್ಲಿ ಸಿಕ್ಕಿದ್ದನ್ನು ಮಾಡಲು ಹೋಗಿ ನಾನು ಪಟ್ಟ ಪಾಡು ಸಣ್ಣದಲ್ಲ.

ಮಗಳ ಶಾಲೆಯ ಕ್ರೀಡಾಕೂಟ ಮುಗಿದ ದಿನ ರಾತ್ರಿ ಹನ್ನೊಂದು ಗಂಟೆಗೆ, ಮಕ್ಕಳು ಮಲಗಿದರು, ಮನೆ ಶಾಂತವಾಗಿದೆ ಎಂಬ ಒಂದೇ ಕಾರಣಕ್ಕೆ, ಉರುಳುವ ದುಂಡು ಅಲಗಿನ ರೋಟರಿ ಕಟ್ಟರ್ ಹಿಡಿದು ಪಟ್ಟಿಗಳನ್ನು ಕತ್ತರಿಸಲು ಕುಳಿತೆ. ಎರಡೂವರೆ ಅಂಗುಲದ ಪಟ್ಟಿಗಳು ಬೇಕಾಗಿದ್ದವು. ಅಳತೆಪಟ್ಟಿಯ ಎರಡೂಕಾಲರ ಗೆರೆಯನ್ನು ಬಟ್ಟೆಯ ಅಂಚಿಗೆ ಹಿಡಿದು, ಬಹಳ ನೇರವಾಗಿ, ಬಹಳ ಅಚ್ಚುಕಟ್ಟಾಗಿ, ಹದಿನಾಲ್ಕು ಪಟ್ಟಿಗಳನ್ನು ಕತ್ತರಿಸಿ ಮುಗಿಸಿದೆ. ತಪ್ಪು ತಿಳಿದದ್ದು ಮರುವಾರ, ಬ್ಲಾಕ್‌ಗಳು ಪಕ್ಕದ ಚೌಕಕ್ಕೆ ಹೊಂದದೆ ಮುಕ್ಕಾಲು ಅಂಗುಲ ಚಿಕ್ಕದಾಗಿ ನಿಂತಾಗ. ಕತ್ತರಿಸಿದ ಬಟ್ಟೆ ಮತ್ತೆ ಬೆಳೆಯುವುದಿಲ್ಲ. ಆ ಬ್ಲಾಕ್‌ಗಳಲ್ಲಿ ಹದಿನಾರನ್ನು ಜೋಡಿಸಿ ಮಗಳ ಬೊಂಬೆಗೆ ಇಪ್ಪತ್ತೊಂದು ಅಂಗುಲದ ಹೊದಿಕೆಯೊಂದನ್ನು ಮಾಡಿಕೊಟ್ಟೆ. ಅಂದಿನಿಂದ ಕತ್ತರಿಸುವ ಕೆಲಸ ರಜೆಯ ದಿನದ ಬೆಳಿಗ್ಗೆ, ಉಳಿದವರು ಏಳುವ ಮೊದಲು, ಒಂದೂವರೆ ಗಂಟೆ ಮಾತ್ರ. ಒಂದೇ ಕೂರುವಿಕೆಯಲ್ಲಿ ತಿಂಗಳಿಗೆ ಸಾಲುವಷ್ಟು ಕತ್ತರಿಸಿ, ಅಳತೆಯನ್ನು ಬರೆದ ಲಕೋಟೆಗಳಿಗೆ ತುಂಬಿಡುತ್ತೇನೆ. ಕಟ್ಟರ್‌ನ ಅಲಗನ್ನು ಪ್ರತಿ ಸಲ ಕೆಳಗಿಡುವ ಮುನ್ನ ಮುಚ್ಚುವುದು, ಕೆಲಸವಾದ ಕೂಡಲೇ ಮಕ್ಕಳ ಕೈಗೆಟುಕದ ಕಡೆ ಎತ್ತಿಡುವುದು, ಇವೆರಡರಲ್ಲಿ ನಾನು ಯಾವ ರಿಯಾಯಿತಿಯನ್ನೂ ಇಟ್ಟುಕೊಂಡಿಲ್ಲ. ಆ ಅಲಗು ಬಟ್ಟೆಯ ಆರು ಪದರಗಳನ್ನು ಒಂದೇ ಎಳೆತಕ್ಕೆ ಸೀಳುತ್ತದೆ, ಬೆರಳು ಯಾವ ಲೆಕ್ಕ?

ವಿನ್ಯಾಸದ ಆಯ್ಕೆಯೂ ಮನೆಯ ವೇಳಾಪಟ್ಟಿಯನ್ನು ನೋಡಿಕೊಂಡೇ ಆಗಬೇಕೆಂದು ನನಗೆ ಅರ್ಥವಾದದ್ದು ಒಂಬತ್ತು ಚೌಕಗಳ ಬ್ಲಾಕ್‌ನಿಂದ. ಅರವತ್ತಕ್ಕೆ ಎಂಬತ್ತನಾಲ್ಕು ಅಂಗುಲದ ಕೌದಿಗೆ ಆರು ಅಂಗುಲದ ಬ್ಲಾಕ್‌ಗಳು ನೂರ ನಲವತ್ತು ಬೇಕು; ಅದರಲ್ಲಿ ಅರ್ಧವನ್ನು ಒಂದೇ ಬಟ್ಟೆಯ ಸಾದಾ ಚೌಕಗಳನ್ನಾಗಿ ಇಟ್ಟರೆ, ಹೊಲಿಯಬೇಕಾದವು ಎಪ್ಪತ್ತು ಮಾತ್ರ. ಆ ಎಪ್ಪತ್ತಕ್ಕೂ ಆರುನೂರ ಮೂವತ್ತು ಚಿಕ್ಕ ಚೌಕಗಳನ್ನು ಬಿಡಿಬಿಡಿಯಾಗಿ ಕತ್ತರಿಸುವ ಅಗತ್ಯವಿಲ್ಲ. ಎರಡೂವರೆ ಅಂಗುಲದ ಮೂರು ಉದ್ದ ಪಟ್ಟಿಗಳನ್ನು, ಒಂದು ಕಡು, ಒಂದು ತಿಳಿ, ಮತ್ತೊಂದು ಕಡು ಎಂಬಂತೆ ಮೊದಲೇ ಜೋಡಿಸಿ ಹೊಲಿದು, ಆಮೇಲೆ ಅಡ್ಡಡ್ಡಲಾಗಿ ಎರಡೂವರೆ ಅಂಗುಲಕ್ಕೆ ಕತ್ತರಿಸಿದರೆ, ನಲವತ್ತೆರಡು ಅಂಗುಲದ ಒಂದು ಜೋಡಣೆಯಿಂದ ಹದಿನಾರು ಸಾಲುಗಳು ಸಿಗುತ್ತವೆ. ತಿಳಿ, ಕಡು, ತಿಳಿ ಎಂದು ತಿರುಗಿಸಿದ ಇನ್ನೊಂದು ಜೋಡಣೆಯ ಸಾಲನ್ನು ಎರಡು ಕಡುಸಾಲುಗಳ ನಡುವೆ ಇಟ್ಟರೆ ಬ್ಲಾಕ್ ಸಿದ್ಧ. ಎಪ್ಪತ್ತು ಬ್ಲಾಕ್‌ಗಳಿಗೆ ಮೊದಲ ಬಗೆಯ ಒಂಬತ್ತು, ಎರಡನೆಯ ಬಗೆಯ ಐದು ಜೋಡಣೆಗಳು ಸಾಕು. ಒಂದು ಜೋಡಣೆಯನ್ನು ಹೊಲಿಯಲು ನನಗೆ ಹತ್ತು ನಿಮಿಷ ಬೇಕು. ಅಂದರೆ ಮಗ ಹಲ್ಲುಜ್ಜಿ ಸಮವಸ್ತ್ರ ಹಾಕಿಕೊಳ್ಳುವಷ್ಟು ಹೊತ್ತು.

ಹೊಲಿಗೆಯೊಳಗೆ ಅಡಗಲೆಂದು ಪ್ರತಿ ತುಂಡಿನ ಅಂಚಿಗೆ ಬಿಡುವ ಕಾಲು ಅಂಗುಲದ ವಿಷಯದಲ್ಲಿ ಮಾತ್ರ ಅವಸರ ಸಲ್ಲದು. ಪ್ರತಿ ಹೊಲಿಗೆಯೂ ಅಂಗುಲದ ಹದಿನಾರನೆಯ ಒಂದು ಭಾಗದಷ್ಟು ಒಳಗೆ ಸರಿದರೆ, ಎರಡು ಕಡೆಯ ಬಟ್ಟೆಯಲ್ಲೂ ಅಷ್ಟಷ್ಟು ತಿಂದು, ಎರಡು ಹೊಲಿಗೆಗಳಿರುವ ಬ್ಲಾಕ್ ಕಾಲು ಅಂಗುಲ ಕುಗ್ಗುತ್ತದೆ. ಆಮೇಲೆ ಸಾದಾ ಚೌಕದ ಪಕ್ಕಕ್ಕೆ ಅದನ್ನು ಎಳೆದು ಹೊಂದಿಸಲು ಹೋದರೆ ಕೌದಿಯುದ್ದಕ್ಕೂ ಸುಕ್ಕು. ಬೇರೆ ಬೇರೆ ದಿನ, ಬೇರೆ ಬೇರೆ ಮನಃಸ್ಥಿತಿಯಲ್ಲಿ ಹೊಲಿಯುವ ನನ್ನಂಥವರಿಗೆ ಈ ಅಪಾಯ ಹೆಚ್ಚು. ಅದಕ್ಕಾಗಿ ಯಂತ್ರದ ತಟ್ಟೆಯ ಮೇಲೆ ಸೂಜಿಯಿಂದ ಕಾಲು ಅಂಗುಲಕ್ಕೆ ಸರಿಯಾಗಿ ಒಂದು ದಪ್ಪ ಟೇಪನ್ನು ಅಂಟಿಸಿದ್ದೇನೆ. ಬಟ್ಟೆಯ ಅಂಚು ಅದಕ್ಕೆ ತಾಗಿಕೊಂಡೇ ಸಾಗಬೇಕು. ಒಂದು ಜೋಡಿ ಮುಗಿದಾಗ ದಾರ ಕತ್ತರಿಸದೆ ಅದರ ಬೆನ್ನಿಗೇ ಇನ್ನೊಂದನ್ನು ಕೊಟ್ಟರೆ ತುಂಡುಗಳು ತೋರಣದಂತೆ ಯಂತ್ರದ ಹಿಂದೆ ಇಳಿಯುತ್ತವೆ. ಅದನ್ನು ಬಿಡಿಸಿ ಬಿಡಿಯಾಗಿ ಕತ್ತರಿಸುವುದು ಮಗನಿಗೆ ಒಪ್ಪಿಸಿದ ಕೆಲಸ. ಮೊನೆಯಿಲ್ಲದ ಕತ್ತರಿ ಹಿಡಿದು, ತುಟಿ ಕಚ್ಚಿಕೊಂಡು, ಪ್ರತಿ ತುಂಡಿಗೂ ಒಂದೊಂದು ಸಂಖ್ಯೆ ಹೇಳುತ್ತಾ ಕತ್ತರಿಸುತ್ತಾನೆ. ಇಪ್ಪತ್ತೊಂಬತ್ತಾದ ಮೇಲೆ ಬಹಳ ದಿನ ಇಪ್ಪತ್ತಹತ್ತು ಎನ್ನುತ್ತಿದ್ದ.

ತರಗತಿಗಳ ಹೊರಗೆ ಕಾಯುವ ಹೊತ್ತಿಗೆಂದು ನಾನು ಆರಿಸಿಕೊಂಡದ್ದು ಕಾಗದದ ಅಚ್ಚಿನ ಷಟ್ಕೋನಗಳನ್ನು. ಒಂದು ಅಂಗುಲ ಬದಿಯ ಗಟ್ಟಿ ಕಾಗದದ ಷಟ್ಕೋನದ ಮೇಲೆ ಬಟ್ಟೆಯನ್ನು ಮಡಚಿ ಕಚ್ಚಾ ಹೊಲಿಗೆ ಹಾಕುವುದು, ಆಮೇಲೆ ಎರಡು ಷಟ್ಕೋನಗಳ ಅಂಚುಗಳನ್ನು ಸೇರಿಸಿ ಕಾಗದಕ್ಕೆ ತಾಗದಂತೆ ಸಣ್ಣ ಸುತ್ತುಹೊಲಿಗೆ ಹಾಕುವುದು, ಎಲ್ಲ ಬದಿಗಳೂ ಸೇರಿದ ಮೇಲೆ ಕಾಗದವನ್ನು ಎಳೆದು ತೆಗೆಯುವುದು, ಇಷ್ಟೇ ಕೆಲಸ. ನಡುವಿನದೊಂದು, ಸುತ್ತ ಆರು ಎಂದು ಏಳು ಸೇರಿದರೆ ಒಂದು ಹೂವು. ಮುಕ್ಕಾಲು ಗಂಟೆಯ ತರಗತಿಯಲ್ಲಿ ನನ್ನ ಕೈಗೆ ಹದಿನೈದು ಷಟ್ಕೋನಗಳಿಗೆ ಕಚ್ಚಾ ಹೊಲಿಗೆ ಬೀಳುತ್ತದೆ. ಈ ಕೆಲಸಕ್ಕೆ ಪೆಟ್ಟಿಗೆ ಎಂದರೆ ಹಳೆಯ ಕನ್ನಡಕದ ಡಬ್ಬಿ; ಅದರೊಳಗೆ ಆಯಸ್ಕಾಂತದ ಚೂರೊಂದಕ್ಕೆ ಅಂಟಿದ ಮೂರು ಸೂಜಿಗಳು. ಹೊರಡುವ ಮುನ್ನ ಮೂರು ಎಣಿಸುತ್ತೇನೆ, ಏಳುವ ಮುನ್ನ ಮೂರು ಎಣಿಸುತ್ತೇನೆ. ಒಮ್ಮೆ ಎರಡೇ ಇದ್ದವು, ಮೂರನೆಯದು ಕಾರಿನ ಹಿಂದಿನ ಸೀಟಿನಲ್ಲಿ ಮಗನ ತೊಡೆಯ ಪಕ್ಕ ಸಿಕ್ಕಿತು. ಆ ದಿನದಿಂದ ವಾಹನದೊಳಗೆ ಸೂಜಿ ತೆಗೆಯುವುದಿಲ್ಲ.

ಕಾಯುವ ಹೊತ್ತಿನಲ್ಲಿ ಹೊಲಿಯುವುದರಲ್ಲಿ ಒಂದು ತೊಡಕೂ ಇದೆ. ಮಗಳು ಮೊದಲ ಬಾರಿಗೆ ಇಪ್ಪತ್ತೈದು ಮೀಟರಿನ ಕೊಳವನ್ನು ಎಲ್ಲಿಯೂ ನಿಲ್ಲದೆ ಈಜಿ ದಾಟಿದ ಸಂಜೆ ನಾನು ಮೆಟ್ಟಿಲುಗಳ ಮೇಲೆ ಕುಳಿತು ಹೂವಿನ ಆರನೆಯ ದಳವನ್ನು ಸೇರಿಸುತ್ತಿದ್ದೆ. ಒದ್ದೆ ಮೈಯಲ್ಲಿಯೇ ಓಡಿ ಬಂದು “ಅಮ್ಮ, ನೋಡಿದೆಯಾ?” ಎಂದಳು. ನೋಡಿದೆ ಎಂದೆ. “ಹಾಗಾದರೆ ನಡುವೆ ಏನಾಯಿತು ಹೇಳು” ಎಂದು ಕೇಳಿದಳು. ಅವಳ ಟೋಪಿ ಕಳಚಿ ನೀರಿನಲ್ಲಿ ತೇಲಿ ಹೋಗಿ, ಕೂದಲು ಕಣ್ಣಿಗೆ ಬಿದ್ದರೂ ಅವಳು ಈಜು ನಿಲ್ಲಿಸಿರಲಿಲ್ಲವಂತೆ; ಕೊಳದ ಸುತ್ತ ಇದ್ದವರೆಲ್ಲ ಚಪ್ಪಾಳೆ ತಟ್ಟಿದ್ದರಂತೆ. ಚಪ್ಪಾಳೆಯೂ ನನಗೆ ಕೇಳಿಸಿರಲಿಲ್ಲ. ಆ ಹೂವು ಈಗ ನಮ್ಮ ನಾಲ್ಕನೆಯ ಕೌದಿಯ ಮೂಲೆಯಲ್ಲಿದೆ, ನೋಡಿದಾಗಲೆಲ್ಲ ಮುಜುಗರವಾಗುತ್ತದೆ. ಅಲ್ಲಿಂದ ಮುಂದೆ ಮಕ್ಕಳಿಂದಲೇ ಕೇಳಿ ತಿಳಿದುಕೊಳ್ಳುತ್ತೇನೆ: ಇವತ್ತು ಅಭ್ಯಾಸವೋ, ನೋಡುವಂಥದ್ದೋ? ಅಭ್ಯಾಸವೆಂದರೆ ಡಬ್ಬಿ ಹೊರಗೆ ಬರುತ್ತದೆ. ಪಂದ್ಯ, ಪ್ರದರ್ಶನ, ಹೊಸದೇನನ್ನಾದರೂ ಮಾಡಿ ತೋರಿಸುವ ದಿನವಾದರೆ ಡಬ್ಬಿಯನ್ನು ಮನೆಯಲ್ಲಿಯೇ ಬಿಟ್ಟು ಹೋಗುತ್ತೇನೆ. ಚೀಲದಲ್ಲಿದ್ದರೆ ಕೈ ಸುಮ್ಮನಿರುವುದಿಲ್ಲ.

“ಇದೆಲ್ಲ ಹೊತ್ತು ಹೋಗದವರ ಕೆಲಸ” ಎಂದು ಹಿರಿಯ ಬಂಧುವೊಬ್ಬರು ನನ್ನೆದುರೇ ಹೇಳಿದ್ದುಂಟು. ಅವರಿಗೆ ಉತ್ತರ ಕೊಡಲಿಲ್ಲ. ಆದರೆ ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಊರಿನ ಕಪ್ಪು ಹೆಂಗಸರು ಹೊಲ, ಮನೆ, ಮಕ್ಕಳ ನಡುವೆ, ಸವೆದುಹೋದ ದುಡಿಮೆಯ ಬಟ್ಟೆಗಳನ್ನು ಹರಿದು ಹೊಲಿದ ಕೌದಿಗಳ ಚಿತ್ರಗಳನ್ನು ನೋಡಿದಾಗ ಆ ಮಾತು ನೆನಪಾಯಿತು. 2002ರಲ್ಲಿ ಹ್ಯೂಸ್ಟನ್‌ನ ಲಲಿತಕಲೆಗಳ ವಸ್ತುಸಂಗ್ರಹಾಲಯದಲ್ಲಿ ಅವು ಪ್ರದರ್ಶನಗೊಂಡವು. ಅವುಗಳಲ್ಲಿ ಪಟ್ಟಿಗಳು ವಾಲುತ್ತವೆ, ಚೌಕಗಳು ಹಿಗ್ಗಿ ಕುಗ್ಗುತ್ತವೆ, ಮತ್ತು ಕಣ್ಣು ಅಲ್ಲಿಂದ ಕದಲುವುದಿಲ್ಲ. ಹೊತ್ತು ಹೋಗದೆ ಮಾಡಿದವು ಅವಲ್ಲ.

ಮೇಲ್ಪದರ ಮುಗಿದ ಮೇಲೆ, ಅಸ್ತರು, ನಡುವಿನ ಬ್ಯಾಟಿಂಗ್ ಎಂಬ ಮೆತ್ತನೆಯ ಪದರ, ಮೇಲ್ಪದರ ಮೂರನ್ನೂ ಹಾಸುವ ಒಂದು ದಿನ ಬರುತ್ತದೆ, ಆ ದಿನವನ್ನು ಮಾತ್ರ ಚೂರುಗಳಾಗಿ ಒಡೆಯಲು ಆಗುವುದಿಲ್ಲ. ಅದನ್ನು ಹದಿನೈದು ದಿನ ಮೊದಲೇ ಮನೆಯವರಿಗೆಲ್ಲ ತಿಳಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಮಕ್ಕಳ ಪಂದ್ಯಗಳ ಹಾಗೆಯೇ ಗುರುತು ಹಾಕುತ್ತೇನೆ. ಕುರ್ಚಿ, ಮೇಜು ಸರಿಸಿ, ಅಸ್ತರನ್ನು ಉಲ್ಟಾ ಹಾಸಿ, ಬಿಗಿಯಾಗಿ, ಆದರೆ ಜಗ್ಗದಂತೆ, ನೆಲಕ್ಕೆ ಟೇಪಿನಿಂದ ಅಂಟಿಸುವುದು ಪತಿಯ ಕೆಲಸ. ಅಸ್ತರೂ ಬ್ಯಾಟಿಂಗೂ ಮೇಲ್ಪದರಕ್ಕಿಂತ ನಾಲ್ಕೂ ಕಡೆ ಮೂರು ನಾಲ್ಕು ಅಂಗುಲ ಹೆಚ್ಚಿರಬೇಕು, ಹೊಲಿಯುವಾಗ ಬಟ್ಟೆ ಒಳಗೆ ಎಳೆದುಕೊಳ್ಳುತ್ತದೆ. ನಡುವಿನಿಂದ ಆರಂಭಿಸಿ ಒಂದೊಂದು ಮುಷ್ಟಿ ಅಂತರಕ್ಕೆ ಸೇಫ್ಟಿ ಪಿನ್ ಹಾಕುತ್ತ ಹೊರಗೆ ಸಾಗಬೇಕು. ಮುಷ್ಟಿ ಯಾರದು ಎಂದು ಹೇಳದೆ ಬಿಟ್ಟದ್ದರಿಂದ ಮಗನ ಮೂಲೆಯಲ್ಲಿ ಪಿನ್‌ಗಳು ಇರುವೆಸಾಲಿನಂತೆ ಒತ್ತೊತ್ತಾಗಿ ಬಿದ್ದಿದ್ದವು. ತೆಗೆಯುವಾಗ ಬೆರಳು ನೋಯಿತು; ಆ ಮೂಲೆಯಲ್ಲಿ ಒಂದು ಸುಕ್ಕೂ ಇರಲಿಲ್ಲ.

ಪದರಗಳನ್ನು ಕೂಡಿಸುವ ಹೊಲಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಕ್ಕಳು ಚಿಕ್ಕವರಿರುವವರೆಗೆ ನೇರ ಗೆರೆಗಳೇ ಸಾಕೆಂದು ನಿರ್ಧರಿಸಿದ್ದೇನೆ. ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಮತ್ತು ನಲವತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಅಷ್ಟು ಭಾರದ ಬಟ್ಟೆಯನ್ನು ಯಂತ್ರದಡಿ ತಳ್ಳಿದರೆ ಹೇಗೂ ಭುಜ ಒಪ್ಪುವುದಿಲ್ಲ.

ನನಗೆ ಅತ್ಯಂತ ಇಷ್ಟದ ಕೆಲಸ ಕೊನೆಯದು, ಅಂಚುಪಟ್ಟಿ. ಮೇಲೆ ಹೇಳಿದ ಅಳತೆಯ ಕೌದಿಯ ಸುತ್ತಳತೆ ಇನ್ನೂರ ಎಂಬತ್ತೆಂಟು ಅಂಗುಲ. ಎರಡೂವರೆ ಅಂಗುಲ ಅಗಲದ ಎಂಟು ಪಟ್ಟಿಗಳನ್ನು ಓರೆಯಾಗಿ ಜೋಡಿಸಿ, ಉದ್ದಕ್ಕೆ ಮಡಚಿ, ಮುಂಭಾಗಕ್ಕೆ ಯಂತ್ರದಲ್ಲಿ ಹೊಲಿದ ಮೇಲೆ, ಹಿಂಭಾಗಕ್ಕೆ ತಿರುಗಿಸಿ ಕೈಯಿಂದ ಹೊಲಿಯುತ್ತೇನೆ. ಇದನ್ನೂ ಯಂತ್ರದಲ್ಲಿಯೇ ಮುಗಿಸಬಹುದು, ಒಂದು ಗಂಟೆ ಸಾಕು. ನಾನು ಬೇಕೆಂದೇ ಹತ್ತು ಹನ್ನೆರಡು ಸಂಜೆಗಳನ್ನು ತೆಗೆದುಕೊಳ್ಳುತ್ತೇನೆ. ಮಕ್ಕಳು ಓದಲು ಕುಳಿತಿರುವಾಗ ಕೌದಿಯ ಒಂದು ಅಂಚು ನನ್ನ ತೊಡೆಯ ಮೇಲೆ ಇರುತ್ತದೆ, ಉಳಿದ ಭಾಗ ಅವರ ಕಾಲುಗಳ ಮೇಲೆ. ಮಗ ಮಗ್ಗಿ ಒಪ್ಪಿಸುತ್ತ ಕಾಲು ಆಡಿಸಿದರೆ ಇತ್ತ ನನ್ನ ಸೂಜಿ ತಪ್ಪುತ್ತದೆ. ಮಗಳು “ಎಳೆಯಬೇಡ, ಅಮ್ಮ ಚುಚ್ಚಿಕೊಳ್ಳುತ್ತಾಳೆ” ಎಂದು ಅವನನ್ನು ಗದರುತ್ತಾಳೆ.

ಈಗ ಆರನೆಯ ಕೌದಿ ಪೆಟ್ಟಿಗೆಯಲ್ಲಿದೆ. ಮಗಳ ಪರೀಕ್ಷೆಗಳು, ಅದರ ಬೆನ್ನಿಗೇ ಮಗನ ಮೊದಲ ಈಜು ಶಿಬಿರ ಇರುವುದರಿಂದ ಮುಂದಿನ ಐದು ವಾರ ಯಂತ್ರದ ಹೊದಿಕೆಯನ್ನು ತೆಗೆಯುವುದಿಲ್ಲವೆಂದು ಮೊದಲೇ ಒಪ್ಪಿಕೊಂಡಿದ್ದೇನೆ. ಮೇಲೆ ಎರಡು ತುಂಡುಗಳಿಗೆ ಪಿನ್ ಚುಚ್ಚಿಟ್ಟಿದೆ. ಚೀಟಿಯಲ್ಲಿ ಹೀಗಿದೆ: ‘ಏಳನೇ ಸಾಲಿನಲ್ಲಿ ಎರಡು ಬ್ಲಾಕ್ ಬಾಕಿ. ಬಾಬಿನ್ ತುಂಬಿದೆ. ಯಂತ್ರದ ಸೂಜಿ ಬದಲಿಸಬೇಕು.’