ಬೇಸಿಗೆ ಪೂರ್ತಿ ಮಳೆಯಿಲ್ಲದ ಊರಲ್ಲಿ ಬಾದಾಮಿ ತೋಟ: ಪೋರ್ಚುಗಲ್‌ನಲ್ಲಿ ನನ್ನ ಅನುಭವ

ಮೊದಲ ವರ್ಷ ಮಾರ್ಚ್‌ನಲ್ಲಿ ಕುಂಡದಲ್ಲಿ ಬೆಳೆಸಿದ 140 ಬಾದಾಮಿ ಸಸಿ ನೆಟ್ಟೆ. ಆಗಸ್ಟ್ ಮುಗಿಯುವಾಗ ಜೀವ ಉಳಿದಿದ್ದು ಮೂವತ್ತೋ ಮೂವತ್ತೈದೋ. ನರ್ಸರಿಗೆ ಕೊಟ್ಟಿದ್ದು ಹತ್ತಿರಹತ್ತಿರ 1,100 ಯೂರೋ. ಈಗ ಅದೇ ಇಳಿಜಾರಿನಲ್ಲಿ ಬೀಜ ಊರಿ ಎಬ್ಬಿಸಿದ 90 ಬಾದಾಮಿಯಲ್ಲಿ 81 ನಿಂತಿವೆ, ನಾಲ್ಕನೇ ಬೇಸಿಗೆಯನ್ನು ಕೈನೀರಿಲ್ಲದೆ ದಾಟಿವೆ. ಪೈಪ್ ಎಳೆಯದೆ ಈ ಕಲ್ಲುಮಣ್ಣಲ್ಲಿ ಗಿಡ ಬದುಕದು ಎಂದಿದ್ದ ಅಕ್ಕಪಕ್ಕದವರೇ ಈಗ ಬೀಜ ಕೇಳಿಕೊಂಡು ಬರುತ್ತಿದ್ದಾರೆ.

ಜಾಗ ಬೈರಾ ಬೈಶಾ, ಕಾಸ್ಟೆಲೊ ಬ್ರಾಂಕೊ ಜಿಲ್ಲೆ. 1.2 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಮೂರು ಎಕರೆ. ಹಳೆಯ ಆಲಿವ್ ಮರ ನಲವತ್ತು, ಒಂದು ಬಾವಿ, ಕಲ್ಲುಗೋಡೆ ಕಟ್ಟಿದ ಮೆಟ್ಟಿಲು ಗದ್ದೆಯಂಥ ತಾಕುಗಳು. ವರ್ಷಕ್ಕೆ 800 ಮಿ.ಮೀ. ಆಸುಪಾಸು ಮಳೆ. ಅಂಕಿ ನೋಡಿದರೆ ನಮ್ಮ ಬಯಲುಸೀಮೆಗಿಂತ ವಾಸಿ ಅನಿಸುತ್ತದೆ. ಮೋಸ ಹೋಗುವುದು ಅಲ್ಲೇ. ನಮ್ಮಲ್ಲಿ ಮುಂಗಾರು ಬಂದಾಗ ನೆಲ ಬೆಚ್ಚಗಿರುತ್ತದೆ. ನೀರು, ಬಿಸಿ ಎರಡೂ ಕೂಡಿ ಸೊಪ್ಪು ಕೊಳೆಯುತ್ತದೆ, ಬೇರು ಓಡುತ್ತದೆ. ಇಲ್ಲಿ ಮಳೆ ಚಳಿಗಾಲದ್ದು. ಜೂನ್‌ನಿಂದ ಸೆಪ್ಟೆಂಬರ್ ಅರ್ಧದವರೆಗೆ ಆಕಾಶ ಒಣಗಿರುತ್ತದೆ, ಬಿಸಿಲು 40 ಡಿಗ್ರಿ ಮುಟ್ಟುವ ದಿನಗಳೂ ಉಂಟು. ನೀರೂ ಬಿಸಿಯೂ ಒಟ್ಟಿಗೆ ಸಿಗುವುದು ಅಕ್ಟೋಬರ್–ನವೆಂಬರ್‌ನಲ್ಲಿ ಐದಾರು ವಾರ, ಮತ್ತೆ ಮಾರ್ಚ್ ಕೊನೆಯಿಂದ ಮೇ ತನಕ. ಗೊಬ್ಬರದ ಗುಡ್ಡೆ, ಬಿತ್ತನೆ, ಜೀವಾಮೃತ (ಸಗಣಿ, ಗಂಜಲ, ಬೆಲ್ಲ ಕಲಸಿ ಹುದುಗಿಸಿದ ದ್ರವಗೊಬ್ಬರ) ಎಲ್ಲವನ್ನೂ ಈ ಎರಡು ಕಿಂಡಿಯೊಳಗೆ ತೂರಿಸಬೇಕು. ಜನವರಿಯಲ್ಲಿ ಕಲಸಿದ ಜೀವಾಮೃತ ಹತ್ತು ದಿನವಾದರೂ ನೊರೆಯೇಳಲಿಲ್ಲ. ಏಪ್ರಿಲ್‌ನಲ್ಲಿ ಮೂರೇ ದಿನ ಸಾಕಾಯಿತು.

ಹೊದಿಕೆಯ ವಿಷಯದಲ್ಲೂ ಹಾಗೇ. ಮೇ ಕೊನೆಗೆ ಒಂದು ಗೇಣು ದಪ್ಪ ಹುಲ್ಲು ಹಾಸಿದರೆ ಅಕ್ಟೋಬರ್‌ವರೆಗೆ ಅದು ಹುಲ್ಲಾಗಿಯೇ ಇರುತ್ತದೆ. ಜತೆಗೆ ಬೆಂಕಿಗೆ ಕೊಟ್ಟ ಸೌದೆ. 2017ರ ಜೂನ್ ಮತ್ತು ಅಕ್ಟೋಬರ್‌ನ ಕಾಡ್ಗಿಚ್ಚಿನಲ್ಲಿ ನೂರಕ್ಕೂ ಹೆಚ್ಚು ಜನ ಸತ್ತ ದೇಶ ಇದು. ಕಾಡು ಸೀಮೆಯಲ್ಲಿ ಮನೆಯ ಸುತ್ತ 50 ಮೀಟರ್ ಒಣಪೊದೆ ಸವರಿರಬೇಕು, ಮರದ ಕೊಂಬೆ ಗೋಡೆಯಿಂದ 5 ಮೀಟರ್ ದೂರವಿರಬೇಕು ಎಂಬ ಕಾನೂನು ಸುಮ್ಮನೆ ಬಂದದ್ದಲ್ಲ. ಆ 50 ಮೀಟರ್ ಒಳಗೆ ನನ್ನ ಹೊದಿಕೆ ಪೂರ್ತಿ ಚಪ್ಪಡಿ ಕಲ್ಲು. ಗಿಡದ ಬುಡಕ್ಕೆ ಅಂಗೈ ಅಗಲದ ಶಿಸ್ಟ್ (ಪದರ ಪದರವಾಗಿ ಸೀಳುವ ಇಲ್ಲಿನ ಕಲ್ಲು) ಚೂರುಗಳನ್ನು ಎರಡು ಪದರ ಜೋಡಿಸಿದರೆ ತೇವ ನಿಲ್ಲುತ್ತದೆ, ಹತ್ತಿಕೊಳ್ಳುವುದಿಲ್ಲ. ಕಲ್ಲು ಜಮೀನಲ್ಲೇ ಇದೆ, ಖರ್ಚು ಬೆನ್ನುನೋವು ಮಾತ್ರ.

ಸಮಪಾತಳಿ ಕಾಲುವೆ, ಅಂದರೆ ಮಳೆನೀರು ನಿಂತು ಇಂಗಲೆಂದು ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ತೆಗೆವ ಕಾಲುವೆ, ತೋಡಿದ್ದು ಎರಡನೇ ತಪ್ಪು. ಪರ್ಮಾಕಲ್ಚರ್ (ಪ್ರಕೃತಿಯ ಮಾದರಿಯ ಶಾಶ್ವತ ಕೃಷಿ) ಹಿಡಿದವರೆಲ್ಲ ಮೊದಲು ತೋಡುವುದು ಅದನ್ನೇ, ನಾನೂ ತೋಡಿದೆ: ಗೋಡೆಯ ತುದಿಯ ಹತ್ತಿರ, 50 ಸೆಂ.ಮೀ. ಆಳ. ಡಿಸೆಂಬರ್‌ನಲ್ಲಿ ಮೂರು ದಿನ ಬಿಡದೆ ಸುರಿಯಿತು. ಶಿಸ್ಟ್ ಪದರಗಳು ಇಳಿಜಾರಿನ ಕಡೆಗೇ ವಾಲಿವೆ. ಇಂಗಿದ ನೀರು ಆಳಕ್ಕಿಳಿಯದೆ ಪದರಗಳ ನಡುವೆ ಜಾರಿ ಗೋಡೆಯ ಬೆನ್ನಿಗೆ ಬಂತು, ಆರು ಮೀಟರ್ ಗೋಡೆ ಹೊಟ್ಟೆ ಉಬ್ಬಿ ಬಿತ್ತು. ಗಾರೆಯಿಲ್ಲದೆ ಕಲ್ಲು ಜೋಡಿಸುವ ಕೆಲಸಗಾರರು ಈಗ ಕಡಿಮೆ. ರಿಪೇರಿಗೆ 900 ಯೂರೋ ಹೋಯಿತು. ಆಮೇಲೆ ಮಾಡಿದ್ದು ಇಷ್ಟು: ತಾಕನ್ನು ಹಿಂದಕ್ಕೆ, ಅಂದರೆ ಬೆಟ್ಟದ ಕಡೆಗೆ, ನೂರಕ್ಕೆ ಎರಡರಷ್ಟು ವಾಲಿಸಿದೆ. ಮೇಲಿನ ಗೋಡೆಯ ಬುಡದಿಂದ ಒಂದು ಮೀಟರ್ ಬಿಟ್ಟು 20 ಸೆಂ.ಮೀ. ಆಳದ ಸಣ್ಣ ಕಾಲುವೆ, ಪಕ್ಕಕ್ಕೆ ಕಲ್ಲು ಹಾಸಿದ ಕೋಡಿ. ಒಂದು ಮೀಟರ್‌ಗಿಂತ ಹತ್ತಿರ ತೋಡಿದರೆ ಮೇಲಿನ ಗೋಡೆಯ ಅಡಿಪಾಯವೇ ಸಡಿಲಾಗುತ್ತದೆ.

ಇನ್ನು ಬಾದಾಮಿ. ಕುಂಡದ ಸಸಿಗಳು ಸತ್ತದ್ದಕ್ಕೆ ಕಾರಣ ಬಿಸಿಲಲ್ಲ, ತಿರುಚಿಕೊಂಡ ಬೇರು. ಕುಂಡದಲ್ಲಿ ಸುತ್ತಿಕೊಂಡ ತಾಯಿಬೇರು ಜೂನ್ ಹೊತ್ತಿಗೆ ಆಳ ಮುಟ್ಟುವುದೇ ಇಲ್ಲ. ಆದ್ದರಿಂದ ಬೀಜ ಊರುವುದು. ಸೆಪ್ಟೆಂಬರ್‌ನಲ್ಲಿ, ನೆಲ ಒಣಗಿರುವಾಗಲೇ, ಟ್ರ್ಯಾಕ್ಟರ್‌ನ ಒಂಟಿ ಹಲ್ಲಿನಲ್ಲಿ 60–70 ಸೆಂ.ಮೀ. ಆಳಕ್ಕೆ ಸೀಳಿಸಿ. ಒದ್ದೆ ಮಣ್ಣಲ್ಲಿ ಹಲ್ಲು ಸೀಳುವುದಿಲ್ಲ, ಬದಿಯನ್ನು ಮೆತ್ತುತ್ತದೆ. ಬಾಡಿಗೆ ಗಂಟೆಗೆ 35–40 ಯೂರೋ, ನನಗೆ ನಾಲ್ಕು ಗಂಟೆ ಹಿಡಿಯಿತು. ನವೆಂಬರ್ 11ರ ಸಂತ ಮಾರ್ಟಿನ್ ಹಬ್ಬದ ಆಸುಪಾಸಿನಲ್ಲಿ ಕೆಲವು ದಿನ ಬಿಸಿಲು ಮರಳುತ್ತದೆ, ಊರವರು ಸುಟ್ಟ ಚೆಸ್ಟ್‌ನಟ್ ತಿನ್ನುವ ಕಾಲ. ಬೀಜ ಊರಲು ಅದೇ ಹದ. ಎರಡು ದಿನ ನೆನೆಸಿ, ಗುಣಿಗೆ ಮೂರರಂತೆ, 6 ಸೆಂ.ಮೀ. ಆಳ. ಮೇಲೆ 13 ಮಿ.ಮೀ. ಕಣ್ಣಿನ ತಂತಿ ಬಲೆ ಮುಚ್ಚಿ, ಅಂಚನ್ನು ಒಂದು ಗೇಣು ಹೂಳಬೇಕು. ಬಲೆ ಹಾಕದ ಸಾಲಿನಲ್ಲಿ ಒಂದು ಬೀಜವನ್ನೂ ಇಲಿ ಬಿಡಲಿಲ್ಲ. ಚಳಿಯೇ ಬೀಜದ ನಿದ್ದೆ ಮುರಿಯುತ್ತದೆ, ಫೆಬ್ರವರಿ ಕೊನೆಗೆ ಮೊಳಕೆ. ಮೇನಲ್ಲಿ ಗಟ್ಟಿಯಾದದ್ದೊಂದನ್ನು ಬಿಟ್ಟು ಉಳಿದೆರಡನ್ನು ಕತ್ತರಿಸಿ. ಕೀಳಬೇಡಿ, ಪಕ್ಕದ ಬೇರು ಅಲುಗುತ್ತದೆ. ಬೀಜದ ಗಿಡ ಕಹಿಯಾಗುವ ಸಂಭವ ಇದ್ದೇ ಇದೆ, ಹಾಗಾಗಿ ಎರಡನೇ ಆಗಸ್ಟ್‌ನಲ್ಲಿ ಕಣ್ಣು ಕಸಿ, ಅಂದರೆ ಸಿಹಿ ಮರದ ಮೊಗ್ಗನ್ನು ಗಿಡದ ತೊಗಟೆಯೊಳಗೆ ಕೂರಿಸುವುದು. ಕಸಿಗೆ ಹತ್ತು ದಿನ ಮೊದಲು ಎರಡು ಸಲ ನೀರು ಕೊಟ್ಟರೆ ಮಾತ್ರ ತೊಗಟೆ ಬಿಡುತ್ತದೆ. ಬೀಜದ ತಾಯಿಮರ ಯಾವ ಗುಡ್ಡದ್ದು ಎಂಬುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಮೊದಲೆರಡು ಬೇಸಿಗೆಗೆ ಮಡಕೆ ನೀರಾವರಿ: ಗಿಡದ ಪಕ್ಕ ಹೂತ ಮಣ್ಣಿನ ಮಡಕೆಯಿಂದ ನೀರು ಮೆಲ್ಲಗೆ ಬೇರಿಗೆ ಜಿನುಗುತ್ತದೆ. ಮೊದಲ ವರ್ಷ ಗಿಡಕ್ಕೆ 8 ಲೀಟರ್‌ನ ಎರಡು, ಬುಡದಿಂದ 30 ಸೆಂ.ಮೀ. ದೂರಕ್ಕೊಂದು, 45ಕ್ಕೊಂದು. ಎರಡನೇ ವರ್ಷ ದೂರದ್ದು ಮಾತ್ರ. ಇಲ್ಲಿ ನಮ್ಮ ಕುಂಬಾರರ ಮಡಕೆ ಸಿಗದು; ಬಣ್ಣ ಹಚ್ಚದ ಮಣ್ಣಿನ ಹೂಕುಂಡ ತಂದು, ತೂತಿಗೆ ಕಾರ್ಕ್ ಬಿರಡೆ ಜಡಿದು ಸಿಲಿಕೋನ್ ಅಂಟು ಮೆತ್ತಿದೆ. ಒಂದಕ್ಕೆ 5 ಯೂರೋ, 180ಕ್ಕೆ 900. ಕೊಳ್ಳುವ ಮೊದಲು ಒಂದರಲ್ಲಿ ನೀರು ತುಂಬಿ ನೋಡಿ: ಒಂದು ಗಂಟೆಯಲ್ಲಿ ಹೊರಮೈ ಕಪ್ಪಾಗದಿದ್ದರೆ ಹೆಚ್ಚು ಸುಟ್ಟದ್ದು, ಜಿನುಗದು. ನನ್ನ ಮೊದಲ ನಲವತ್ತು ಹಾಗೇ ದಂಡವಾದವು. ವಾರಕ್ಕೊಮ್ಮೆ ತುಂಬಿದರೆ 90 ಗಿಡಕ್ಕೆ 1,440 ಲೀಟರ್, ಹದಿನಾಲ್ಕು ವಾರಕ್ಕೆ ಇಪ್ಪತ್ತು ಸಾವಿರ. ಆಗಸ್ಟ್‌ನಲ್ಲಿ ಬಾವಿ ದಿನಕ್ಕೆ 400 ಲೀಟರ್ ಕೊಡುತ್ತದೆ, ಹಾಗಾಗಿ ತರಕಾರಿಗೂ ಉಳಿಯಿತು. ಬೋರ್‌ವೆಲ್‌ಗೆ ಕೇಳಿದ್ದ ಐದಾರು ಸಾವಿರ ಯೂರೋ ಉಳಿದೇ ಹೋಯಿತು. ಮಡಕೆಯ ಸುತ್ತ ತುಂಬುವ ಮಣ್ಣಿನ ಮಿಶ್ರಣ ನನ್ನದೇ, ಅದನ್ನು ಹೇಳುವುದಿಲ್ಲ; ಮರಳು ಹೆಚ್ಚಾದರೆ ಕೆಡುತ್ತದೆ ಎಂದಷ್ಟೇ ತಿಳಿದಿರಲಿ.

ಸಾಲಿನ ನಡುವೆ ಅಕ್ಟೋಬರ್‌ನಲ್ಲಿ ಹಳದಿ ಲುಪಿನ್ (ಹಸಿರೆಲೆ ಗೊಬ್ಬರದ ದ್ವಿದಳ ಗಿಡ) ಬಿತ್ತಿ ಏಪ್ರಿಲ್‌ನಲ್ಲಿ ಹೂವಿದ್ದಾಗಲೇ ಕೊಯ್ದು ಅಲ್ಲೇ ಹಾಸುತ್ತೇನೆ. ಮಣ್ಣು ಹುಳಿ, ಪಿಎಚ್ 5ರ ಹತ್ತಿರ. ಫಾವಾ ಅವರೆ ಸುಣ್ಣ ಹಾಕದೆ ಏಳಲಿಲ್ಲ, ಲುಪಿನ್‌ಗೆ ಸುಣ್ಣ ಬೇಡ. ಸೊಪ್ಪಿನಡಿ ತೇವವಿದ್ದರೆ ಎರೆಹುಳು, ಎರೆಹುಳುವಿಗೆ ಕಾಡುಹಂದಿ. ಒಂದೇ ರಾತ್ರಿ ಎರಡು ಸಾಲು ಉತ್ತು ಹಾಕಿದವು. 20 ಮತ್ತು 45 ಸೆಂ.ಮೀ. ಎತ್ತರಕ್ಕೆ ಎರಡು ವಿದ್ಯುತ್ ತಂತಿ ಎಳೆದೆ. ಬೇಸಿಗೆಯಲ್ಲಿ ನೆಲ ಒಣಗಿ ಅರ್ಥಿಂಗ್ ಸಿಗದು, ಶಾಕ್ ಹೊಡೆಯದು. ಮೀಟರ್ ಉದ್ದದ ಮೂರು ಸಲಾಕೆ ಹೂತು ವಾರಕ್ಕೊಮ್ಮೆ ಬುಡಕ್ಕೆ ಒಂದು ಬಕೆಟ್ ನೀರು ಸುರಿಯಬೇಕು.

ಬದಿಯ ಪ್ರಯೋಗಗಳೂ ನಡೆದವು. ರಾಗಿ ಆಳೆತ್ತರ ಬೆಳೆದು ತೆನೆಯನ್ನು ತಡಮಾಡಿತು; ಇಲ್ಲಿನ ಬೇಸಿಗೆ ಹಗಲು ಅದಕ್ಕೆ ತೀರಾ ಉದ್ದ. ಊರಿನ ಅವರೆಯೂ ಅಷ್ಟೇ, ಅಕ್ಟೋಬರ್‌ನಲ್ಲಿ ಹೂಬಿಟ್ಟು ಚಳಿಗೆ ಸಿಕ್ಕಿತು. ನುಗ್ಗೆ ಮೊದಲ ಇಬ್ಬನಿ ಹೆಪ್ಪಿಗೇ ಹೋಯಿತು. ಅಲಸಂದೆ ಮಾತ್ರ ಇಲ್ಲಿನವರದೇ ಬೆಳೆ, ಫೈಜಾಂವ್ ಫ್ರಾದ್ ಎನ್ನುತ್ತಾರೆ. ಮೇನಲ್ಲಿ ಬಿತ್ತಿದರೆ ಎರಡೇ ನೀರಿಗೆ ಕಾಯಿ. ಗಡಿಯಲ್ಲಿದ್ದ ಮಿಮೋಸಾ ಆಸ್ಟ್ರೇಲಿಯಾದಿಂದ ಬಂದ ಪೀಡೆ, ನಮ್ಮ ಮಲೆನಾಡಿನ ಅಕೇಶಿಯಾದ ದಾಯಾದಿ. ಕಡಿದರೆ ಹತ್ತಾಗಿ ಚಿಗುರುತ್ತದೆ. ರಸ ಓಡುವ ಏಪ್ರಿಲ್‌ನಲ್ಲಿ ಸೊಂಟದೆತ್ತರದಿಂದ ನೆಲದವರೆಗೆ ತೊಗಟೆ ಸುಲಿದು, ಒಂದು ಎಳೆಯೂ ಉಳಿಯದಂತೆ ಕೆರೆದು ಬಿಟ್ಟೆ. ನಿಂತಲ್ಲೇ ಒಣಗಲು ವರ್ಷ ಹಿಡಿಯಿತು, ಕಂಬವೂ ಸಿಕ್ಕಿತು.

ದುಡ್ಡಿನ ಮಾತು. ಜಮೀನಿಗೆ 14,000 ಯೂರೋ. ಅದರ ಮೇಲೆ ಕೃಷಿಭೂಮಿಯ ವರ್ಗಾವಣೆ ತೆರಿಗೆ ಶೇ. 5, ಮುದ್ರಾಂಕ ಶೇ. 0.8. ಸಣ್ಣ ಹಿಡುವಳಿಯಾದರೆ ಪಕ್ಕದ ಜಮೀನಿನವರಿಗೆ ಮೊದಲು ಕೊಳ್ಳುವ ಹಕ್ಕಿದೆ, ಮಾರುವವರು ಅವರಿಗೆ ನೋಂದಾಯಿತ ಪತ್ರ ಬರೆದಿದ್ದಾರೆಯೇ ಎಂದು ನೋಡದೆ ಮುಂಗಡ ಕೊಡಬೇಡಿ. ದಾಖಲೆಯಲ್ಲಿ ‘ರುಶ್ಟಿಕು’ (ಕೃಷಿಭೂಮಿ) ಎಂದಷ್ಟೇ ಇದ್ದರೆ ಮನೆ ಕಟ್ಟುವ ಆಸೆ ಬಿಡಿ. ಪಾಳುಮನೆಗೆ ‘ಉರ್ಬಾನು’ (ಕಟ್ಟಡ) ಎಂಬ ಬೇರೆ ನಮೂದು ಇರಬೇಕು. ಇಲ್ಲಿ ನೆಲೆಸಲು ಬೇಕಾದ ಡಿ7 ವೀಸಾಕ್ಕೆ ಬಾಡಿಗೆ, ಪಿಂಚಣಿಯಂಥ ಸ್ಥಿರ ಆದಾಯ ತೋರಿಸಬೇಕು, ಮುಂದೆ ಬರಲಿರುವ ಬೆಳೆಯ ಲೆಕ್ಕ ನಡೆಯದು. ಕಳೆದ ಸಲ 600 ಕಿಲೋ ಆಲಿವ್‌ಗೆ 85 ಲೀಟರ್ ಎಣ್ಣೆ ಬಂತು, ಮನೆಗೆ ಮೂವತ್ತು ಇಟ್ಟು ಉಳಿದದ್ದು ಮಾರಿದೆ. ಬಾದಾಮಿ ಮೊದಲ ಬಾರಿ ಸುಮಾರು 25 ಕಿಲೋ.

ನವೆಂಬರ್ ಮುಗಿಯುವುದರೊಳಗೆ ಎಲ್ಲ ಮಡಕೆ ಬರಿದು ಮಾಡಿ ಬೋರಲು ಹಾಕಬೇಕು. ನೀರು ಉಳಿದಿದ್ದ ಹನ್ನೆರಡು ಮಡಕೆ ಜನವರಿಯ ಒಂದೇ ರಾತ್ರಿ ಹೆಪ್ಪುಗಟ್ಟಿ ಒಡೆದವು. ಅವುಗಳ ಚೂರು ಈಗ ಅಂಜೂರದ ಬುಡದ ಹೊದಿಕೆ.