ಹ್ಯಾರಿಯ ಮಾತಿನಲ್ಲಿ ಕೊಂಕಿಲ್ಲ

ಯುದ್ಧವಿರೋಧಿ ಕವಿತೆಯ ವ್ಯಂಗ್ಯವನ್ನು ಬಿಡಿಸಿ ತೋರಿಸಲು ನಾನು ಮೊದಲು ಎತ್ತಿಕೊಳ್ಳುವುದು ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಇಂಗ್ಲಿಷ್ ಕವಿ ಸೀಗ್‌ಫ್ರೀಡ್ ಸಸೂನ್ 1917ರಲ್ಲಿ ಬರೆದ ‘ದಿ ಜನರಲ್’. ಏಳೇ ಸಾಲು. ಅರ್ಥದ ಗೊಡವೆಗೆ ಹೋಗುವ ಮುಂಚೆ ಓದುವವರಿಂದ ಪ್ರತಿ ಸಾಲಿನ ಪಕ್ಕ ಪೆನ್ಸಿಲ್ಲಿನಲ್ಲಿ ‘ಯಾರು, ಯಾರಿಗೆ, ಯಾವಾಗ’ ಎಂದು ಬರೆಸುತ್ತೇನೆ. ‘ಗುಡ್ ಮಾರ್ನಿಂಗ್’ ಜನರಲ್‌ನದು, ಹೋದ ವಾರದ್ದು. ಅವನ ನಗು ಕಂಡವರಲ್ಲಿ ಬಹುಪಾಲು ಈಗ ಸತ್ತಿದ್ದಾರೆ ಎನ್ನುವವನು ಬದುಕುಳಿದ ಸೈನಿಕ. ಐದನೇ ಸಾಲಿನಲ್ಲಿ ಹ್ಯಾರಿ ಜ್ಯಾಕ್‌ನ ಹತ್ತಿರ ‘ಮುದುಕ ಖುಷಿಯ ಆಸಾಮಿ’ ಎಂದು ಗೊಣಗುತ್ತಾನೆ.

ಹೆಚ್ಚಿನವರು ಎಡವುವುದು ಇಲ್ಲೇ. ಕವಿತೆ ವ್ಯಂಗ್ಯದ್ದು ಎಂದು ಮೊದಲೇ ಕೇಳಿಕೊಂಡು ಬಂದವರು ಹ್ಯಾರಿಯೂ ಕೊಂಕಾಡುತ್ತಿದ್ದಾನೆ ಎಂದು ಓದುತ್ತಾರೆ. ಹಾಗೆ ಓದಿದರೆ ಕವಿತೆ ಉಳಿಯುವುದಿಲ್ಲ. ಬಂದೂಕು, ಮೂಟೆ ಹೊತ್ತು ಫ್ರಾನ್ಸಿನ ರಣರಂಗದ ಊರು ಆರಾಸ್ ಕಡೆಗೆ ಕಾಲೆಳೆಯುತ್ತಿರುವ ಹ್ಯಾರಿಯ ಮೆಚ್ಚುಗೆ ನಿಜವಾದದ್ದು. ಆ ಜನರಲ್‌ನಿಂದಲೇ ತನಗೆ ಸಾವು ಎಂದು ಅವನಿಗೆ ತಿಳಿಯದ್ದು ಕವಿತೆ ಮುಗಿಸಿದ ನಮಗೆ ತಿಳಿದಿದೆ, ವ್ಯಂಗ್ಯ ಹುಟ್ಟುವುದು ಅಲ್ಲಿ.

ಆಮೇಲೆ ಪ್ರಾಸ. ಮೊದಲ ನಾಲ್ಕರಲ್ಲಿ ಸಾಲು ಬಿಟ್ಟು ಸಾಲು ಪ್ರಾಸ. ಐದು, ಆರು ‘ಜ್ಯಾಕ್–ಪ್ಯಾಕ್’ ಎಂದು ಜೋಡಿಯಾಗಿ, ಕವಿತೆ ಮುಗಿದೇಹೋಯಿತು ಅನ್ನಿಸುತ್ತದೆ. ಅಲ್ಲಿ ಜಾಗ ಬಿಟ್ಟು ಏಳನೆಯದು ಬರುತ್ತದೆ: ‘ಅಟ್ಯಾಕ್’. ಜನರಲ್‌ನ ಯೋಜನೆ ಇಬ್ಬರನ್ನೂ ಮುಗಿಸಿತು. ಗಟ್ಟಿಯಾಗಿ ಓದುವಾಗ ಆ ಖಾಲಿ ಜಾಗದಲ್ಲಿ ಒಂದು ಉಸಿರು ನಿಲ್ಲಬೇಕು, ಕೊನೆಯ ಸಾಲಿಗೆ ದನಿ ಏರಿಸಬಾರದು. ಹೆಚ್ಚಿಗೆ ಬಂದ ಆ ಪ್ರಾಸವೇ ಪೆಟ್ಟು ಕೊಡುತ್ತದೆ. ಅಭಿನಯ ಸೇರಿಸಿದರೆ ಅದು ಕೇಳಿಸುವುದೇ ಇಲ್ಲ.

ಅಮೆರಿಕದ ಲೇಖಕ ಸ್ಟೀಫನ್ ಕ್ರೇನ್‌ನ ‘ವಾರ್ ಈಸ್ ಕೈಂಡ್’ (1899) ಇದಕ್ಕಿಂತ ಕಷ್ಟದ್ದು. ಅಲಂಕಾರಶಾಸ್ತ್ರ ಓದಿದವರು ‘ಅಳಬೇಡ, ಯುದ್ಧ ದಯಾಳು’ ಎಂಬ ಪಲ್ಲವಿ ಕಂಡೊಡನೆ ವ್ಯಾಜಸ್ತುತಿ ಎಂದು ಗುರುತು ಹಾಕಿ ಮುಂದೆ ಹೋಗುತ್ತಾರೆ. ಹೊಗಳಿಕೆಯ ವೇಷದ ನಿಂದೆ ಎಂಬುದೇನೋ ಸರಿ, ಆದರೆ ಆ ನಿಂದೆ ಯಾರಿಗೆ ತಗಲುತ್ತದೆ ಎಂಬುದನ್ನೂ ನೋಡಬೇಕಲ್ಲ. ಐದು ಚರಣಗಳಲ್ಲಿ ಒಂದು, ಮೂರು, ಐದು ಪ್ರಿಯತಮೆಗೆ, ಮಗುವಿಗೆ, ತಾಯಿಗೆ ಹೇಳಿದವು. ಎರಡು ಮತ್ತು ನಾಲ್ಕರಲ್ಲಿ ನಗಾರಿ, ಬಾವುಟಗಳ ಆರ್ಭಟ. ಈ ಎರಡೂ ಚರಣಗಳು ಸಾವಿರ ಹೆಣಗಳ ಬಯಲಿನಲ್ಲಿ ಕೊನೆಯಾಗುತ್ತವೆ. ಈ ಎರಡು ದನಿಗಳನ್ನು ಇಬ್ಬರಿಂದ ಓದಿಸಿದರೆ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ.

ಕೊನೆಯ ಚರಣವನ್ನು ಮೊದಲ ಮತ್ತು ಮೂರನೆಯದರ ಪಕ್ಕ ಇಟ್ಟು ನೋಡಬೇಕು. ಆ ಎರಡೂ ‘ಅಳಬೇಡ’ ಎಂದೇ ಶುರುವಾಗುತ್ತವೆ, ‘ಏಕೆಂದರೆ’ ಎಂದು ಕಾರಣವನ್ನೂ ಕೊಡುತ್ತವೆ. ಆ ಕಾರಣ ಅವರವರ ಮನುಷ್ಯ ಸತ್ತ ರೀತಿ. ಐದನೆಯದು ತಾಯಿಯಿಂದ ಶುರುವಾಗುತ್ತದೆ, ಮಗನ ಶವವಸ್ತ್ರದ ಮೇಲೆ ಅಂಗಿಯ ಗುಂಡಿಯಂತೆ ತೂಗುವ ಅವಳ ಹೃದಯದಿಂದ. ಅಲ್ಲಿ ‘ಏಕೆಂದರೆ’ ಇಲ್ಲ. ಹಾಗಾಗಿ ಈ ಸಲ ಪಲ್ಲವಿಯ ಕಾಕು, ಅಂದರೆ ಅರ್ಥ ತಿರುಗಿಸುವ ದನಿಯ ಏರಿಳಿತ, ಬೇರೆ. ಅದನ್ನು ನಿಜವಾದ ಸಮಾಧಾನದ ದನಿಯಲ್ಲೇ ಓದಿಸುತ್ತೇನೆ. ‘ದಯಾಳು’ ಎಂಬಲ್ಲಿ ಒತ್ತು ಬಿದ್ದರೆ ಅಣಕ ತಾಯಿಯ ಮೇಲೆ ಬೀಳುತ್ತದೆ.